ಮೊದಲು ಅರ್ಥಿಂಗ್ ಗುಂಡಿಗೆ ನೀರು, ಕೇಬಲ್ ಆಮೇಲೆ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ತರುವ ವಿಷಯ.

ಹಾಡು ಕೇಳುವ ಹುಚ್ಚಿನ ಜೊತೆಗೆ ಈಗ ಇನ್ನೊಂದು ಹುಚ್ಚು ಸೇರಿಕೊಂಡಿದೆ. ಆಂಪ್ಲಿಫೈಯರ್ ಕೆಳಗೆ ಇಡೋಕೆ ವಿಶೇಷ ಕಾಲು. ಗೋಡೆಯಿಂದ ಕರೆಂಟ್ ತರೋಕೆ ಹೆಬ್ಬೆರಳು ದಪ್ಪದ ಕೇಬಲ್. ನಡುವೆ ಕರೆಂಟನ್ನು ಶುದ್ಧ ಮಾಡುತ್ತೆ ಅನ್ನುವ ಒಂದು ಪೆಟ್ಟಿಗೆ, ಪವರ್ ಕಂಡೀಷನರ್. ಎಲ್ಲ ಸೇರಿಸಿದರೆ ಕೆಲವರ ಮನೆಯಲ್ಲಿ ಸ್ಪೀಕರ್‌ಗಿಂತ ಇದಕ್ಕೇ ಜಾಸ್ತಿ ದುಡ್ಡು ಹೋಗಿದೆ. ಇದರಿಂದ ಸೌಂಡ್ ಸುಧಾರಿಸುತ್ತದಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅದುರಾಟದಿಂದ ಸೌಂಡ್ ಕೆಡುವುದು ನಿಜ. ಕೊಳೆ ಕರೆಂಟಿನಿಂದ, ಅಂದರೆ ಬೇಡದ ಸದ್ದು ಬೆರೆತ ಕರೆಂಟಿನಿಂದ, ಕೆಡುವುದೂ ನಿಜ. ಆದರೆ ಮಲೆನಾಡಿನ ಮನೆಯಲ್ಲಿ ಎರಡಕ್ಕೂ ಮದ್ದು ಇರುವುದು ಮನೆಯ ಹಿಂದಿನ ಅರ್ಥಿಂಗ್ ಗುಂಡಿಯಲ್ಲಿ ಮತ್ತು ಉಪ್ಪರಿಗೆಯ ಹಲಗೆಯಲ್ಲಿ. ಅದನ್ನು ನೋಡದೆ ಪೆಟ್ಟಿಗೆ ಕೊಂಡರೆ ದುಡ್ಡು ದಂಡ.

ಅದುರಾಟದಿಂದ ಶುರು ಮಾಡೋಣ. ಸಲಹೆ ಕೊಡುವವರಲ್ಲಿ ಬಹಳಷ್ಟು ಜನರ ಮನೆ ಕಾಂಕ್ರೀಟಿನದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೇ ಮನೆಗಳು ಹಾಗಿಲ್ಲ. ಕೆಳಗೆ ರೆಡ್ ಆಕ್ಸೈಡ್ ನೆಲ, ಮೇಲೆ ಮರದ ತೊಲೆ, ಅದರ ಮೇಲೆ ಹಲಗೆ ಹಾಸಿದ ಉಪ್ಪರಿಗೆ. ಹಾಡು ಕೇಳುವವನ ಕೋಣೆ ಸಾಮಾನ್ಯವಾಗಿ ಉಪ್ಪರಿಗೆಯಲ್ಲೇ. ನಡುಮನೆಯಲ್ಲಿ ಅಷ್ಟು ಜೋರು ಹಾಕೋಕೆ ಯಾರು ಬಿಡುತ್ತಾರೆ?

ಆ ಹಲಗೆಯ ಮೇಲೆ ಟರ್ನ್‌ಟೇಬಲ್ (ರೆಕಾರ್ಡ್ ಬಾರಿಸುವ ಪ್ಲೇಯರ್) ಇದ್ದರೆ ಒಂದು ಪರೀಕ್ಷೆ ಮಾಡಿ. ತಟ್ಟೆ ತಿರುಗದಂತೆ ಮೋಟಾರ್ ಬಂದ್ ಮಾಡಿ. ವಾಲ್ಯೂಮ್ ಕಡಿಮೆ ಇಟ್ಟುಕೊಂಡು ನೀಡಲ್ ಅನ್ನು ರೆಕಾರ್ಡಿನ ಮೇಲೆ ಇಳಿಸಿ. ಆಮೇಲೆ ವಾಲ್ಯೂಮನ್ನು ಮಾಮೂಲಿ ಮಟ್ಟಕ್ಕೆ ನಿಧಾನ ಏರಿಸಿ. ಈಗ ಮೇಜಿನ ಅಂಚನ್ನು ಉಗುರಿನಿಂದ ಒಮ್ಮೆ ತಟ್ಟಿ. ಸ್ಪೀಕರಿನಲ್ಲಿ ಟೊಕ್ ಅಂತ ಕೇಳಿಸುತ್ತದೆ. ಮಗುವಿಗೆ ಕೋಣೆಯಲ್ಲಿ ಒಂದು ಸುತ್ತು ನಡೆಯೋಕೆ ಹೇಳಿ. ಪ್ರತಿ ಹೆಜ್ಜೆಗೂ ದೊಡ್ಡ ಸ್ಪೀಕರಿನ ಕೋನ್ ಒಳಗೆ ಹೊರಗೆ ಆಡುವುದು ಕಣ್ಣಿಗೇ ಕಾಣುತ್ತದೆ. ಅದೆಲ್ಲ ನಿಮ್ಮ ಹಾಡಿನ ಜೊತೆ ಬೆರೆತು ಬರುತ್ತಿತ್ತು.

ಕಾರಣ ಸರಳ. ಗೀರಿನೊಳಗೆ ನೀಡಲ್ ಓಲಾಡುವುದು ಮಿಲಿಮೀಟರಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ನೀಡಲ್ ಕೂರಿಸಿದ ಸಾಮಾನ್ಯ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವ ಸಿಗ್ನಲ್ ಸುಮಾರು 5 ಮಿಲಿವೋಲ್ಟ್. ಮೇಲಾಗಿ, ರೆಕಾರ್ಡ್ ಕೊರೆಯುವಾಗ ಬೇಸ್ ತಗ್ಗಿಸಿರುತ್ತಾರೆ, ಬಾರಿಸುವಾಗ ಅದನ್ನು ಮತ್ತೆ ಏರಿಸಬೇಕು. ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ತಂದ 1954ರ ಆರ್‌ಐಎಎ ಪದ್ಧತಿ ಅದೇ. ಹಾಗಾಗಿ 20 ಹರ್ಟ್ಜ್ (ಸೆಕೆಂಡಿಗೆ 20 ಸಲ ಅದುರುವುದು) ಹತ್ತಿರದ ಸದ್ದು 1000 ಹರ್ಟ್ಜ್ ಸದ್ದಿಗಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚು ಹಿಗ್ಗುತ್ತದೆ. ಹೆಜ್ಜೆಯ ದಡಬಡ ಇರುವುದು ಅದೇ ಕಡೆ.

ಹಾಗಂತ ಯಾವುದೋ ರಬ್ಬರ್ ಕಾಲು ತಂದು ಇಟ್ಟರೆ ಆಯ್ತಾ? ಇಲ್ಲ. ಸ್ಪ್ರಿಂಗ್ ಇರಲಿ ರಬ್ಬರ್ ಇರಲಿ, ಅದಕ್ಕೊಂದು ಸ್ವಂತ ಲಯ ಇರುತ್ತದೆ, ತೂಗುಮಂಚಕ್ಕೆ ಇರುವ ಹಾಗೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಜೀಕು ಜಾಸ್ತಿಯೇ ಆಗುತ್ತದೆ. ಆ ಲಯದ 1.4 ಪಟ್ಟಿಗಿಂತ ಮೇಲಿನ ಅದುರಾಟವನ್ನು ಮಾತ್ರ ಅದು ತಡೆಯುತ್ತದೆ. ನೀಡಲ್ ಹಿಡಿದಿರುವ ತೋಳು, ಟೋನ್‌ಆರ್ಮ್, ತಾನೇ 8ರಿಂದ 12 ಹರ್ಟ್ಜ್ ಒಳಗೆ ಕುಣಿಯುವ ವಸ್ತು. ಅದೇ ಆಸುಪಾಸಿನ ರಬ್ಬರ್ ಸಿಕ್ಕಿದರೆ ಇದ್ದದ್ದೂ ಕೆಟ್ಟಿತು.

ಖರ್ಚಿಲ್ಲದ ಉಪಾಯ ಅಂದರೆ ಟರ್ನ್‌ಟೇಬಲನ್ನು ಕೆಳಗಿಳಿಸುವುದು. ಮಣ್ಣು ದಮ್ಮಸ್ಸು ಮಾಡಿ ಹಾಕಿದ ನೆಲ ನಡೆದರೆ ಅದುರುವುದಿಲ್ಲ. ಇಳಿಸೋಕೆ ಆಗದಿದ್ದರೆ ಗೋಡೆಗೆ ಬ್ರಾಕೆಟ್ ಹೊಡೆಸಿ. ಜಂಬಿಟ್ಟಿಗೆ ಗೋಡೆಯಾದರೆ ಉದ್ದದ ಬೋಲ್ಟ್ ನಿಲ್ಲುತ್ತದೆ, ಬರೀ ಮಣ್ಣಿನ ಗೋಡೆಯನ್ನು ನಂಬಬೇಡಿ. ಅದೂ ಆಗದಿದ್ದರೆ ಗ್ರಾನೈಟ್ ಅಂಗಡಿಯಲ್ಲಿ ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದ ತುಂಡು ಕೇಳಿ. ಅದನ್ನು ಅರೆಬರೆ ಗಾಳಿ ತುಂಬಿದ ಮಕ್ಕಳ ಸೈಕಲ್ ಟ್ಯೂಬಿನ ಮೇಲೆ ಕೂರಿಸಿ. ಭಾರ ಜಾಸ್ತಿ, ಗಾಳಿ ಮೆತ್ತಗೆ; ಅದರ ಲಯ 5 ಹರ್ಟ್ಜ್ ಹತ್ತಿರಕ್ಕೆ ಇಳಿಯುತ್ತದೆ. ನೋಡೋಕೆ ಚಂದ ಇಲ್ಲ. ಆಗಾಗ ಗಾಳಿಯೂ ಹೊಡೆಯಬೇಕು.

ಸ್ಪೀಕರ್ ಕೂಡ ಉಪ್ಪರಿಗೆಯಲ್ಲಿದ್ದರೆ ಹಲಗೆಯೇ ಬಾರಿಸೋಕೆ ಶುರು ಮಾಡುತ್ತದೆ. ಯಕ್ಷಗಾನ ಭಾಗವತ ಕಾಳಿಂಗ ನಾವಡರ ಪದ್ಯ ಹಾಕಿ ನೋಡಿ. ಚಂಡೆ ಸ್ಪಷ್ಟ ಇರುತ್ತದೆ, ಮದ್ದಳೆ ಮಾತ್ರ ಗುಂಯ್ ಅಂತ ಎಳೆಯುತ್ತದೆ. ಇಲ್ಲಿ ಚೂಪು ಮೊಳೆಯ ಕಾಲು ಹಾಕಬಾರದು, ಅದು ಅದುರಾಟವನ್ನು ಹಲಗೆಗೆ ನೇರ ದಾಟಿಸುತ್ತದೆ. ವಾಷಿಂಗ್ ಮಷೀನ್ ಕಾಲಿಗೆ ಇಡುವ ದಪ್ಪ ರಬ್ಬರ್ ಸಾಕು. ಕೆಳಗಿನ ನೆಲದಲ್ಲೂ ಮೊಳೆ ಬೇಡ. ಅಜ್ಜನ ಕಾಲದ ರೆಡ್ ಆಕ್ಸೈಡಿಗೆ ತೂತು ಬಿದ್ದರೆ ಅದೇ ಬಣ್ಣ ಮತ್ತೆ ಕೂಡಿಸೋಕೆ ಆಗುವುದಿಲ್ಲ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡುವ ಡಬ್ಬಿ), ಹಾಡು ಸ್ಟ್ರೀಮ್ ಮಾಡುವ ಡಬ್ಬಿ, ಇವುಗಳ ಕೆಳಗೆ ಏನೂ ಇಡಬೇಡಿ. ಸುಮ್ನೆ ಖರ್ಚು. ಗಾಜಿನ ಬುರುಡೆಯ ಹಳೇ ವಾಲ್ವ್ ಸೆಟ್ ಇದ್ದರೆ ಮಾತು ಬೇರೆ, ವಾಲ್ವ್ ತಟ್ಟಿದರೆ ಸದ್ದು ಕೊಡುತ್ತದೆ.

ಇನ್ನು ಕರೆಂಟು. ಶರಾವತಿ ವಿದ್ಯುದಾಗಾರ ಒಂದೇ 1035 ಮೆಗಾವ್ಯಾಟ್. ಜೋಗದಲ್ಲಿ 1948ರಿಂದಲೇ ಕರೆಂಟ್ ತೆಗೆಯುತ್ತಿದ್ದಾರೆ. ಅದೇ ಜಿಲ್ಲೆಯಲ್ಲಿ ಲೈನಿನ ಕೊನೆಯ ಮನೆಗೆ, ತೋಟದ ಪಂಪ್‌ಸೆಟ್ ಎಲ್ಲ ಓಡುವ ಹೊತ್ತಿಗೆ, 230 ವೋಲ್ಟ್ ಬರುವುದು ಪುಣ್ಯ. ಟ್ರಾನ್ಸ್‌ಫಾರ್ಮರಿನಿಂದ ಮನೆವರೆಗೆ ಕಂಬದ ಮೇಲೆ ಜೋತ ಅಲ್ಯೂಮಿನಿಯಂ ತಂತಿ. ಆಶ್ಲೇಷಾ ಮಳೆಗೆ ಬಿದಿರು ಬಾಗಿ ಅದಕ್ಕೆ ತಾಗುತ್ತಿರುತ್ತದೆ. ಅಷ್ಟು ದೂರ ಹಾಗೆ ಬಂದ ಕರೆಂಟಿಗೆ ಕೊನೆಯ ಒಂದೂವರೆ ಮೀಟರಿನಲ್ಲಿ ಚಿನ್ನದ ಲೇಪದ ಪ್ಲಗ್ ಏನು ಮಾಡಬೇಕು?

ಸ್ಪೀಕರಿನಲ್ಲಿ ಝೂಂ ಅನ್ನುವ ಸದ್ದಿದ್ದರೆ ಮೊದಲು ಆಂಪ್ಲಿಫೈಯರಿಗೆ ಬರುವ ಎಲ್ಲ ಇನ್‌ಪುಟ್ ತಂತಿ ಕಿತ್ತುಬಿಡಿ. ಸದ್ದು ಹಾಗೇ ಇದ್ದರೆ ತೊಂದರೆ ಒಳಗಿದೆ. ಹಳೇ ಸೆಟ್‌ನ ಪವರ್ ಸಪ್ಲೈನಲ್ಲಿ ದೊಡ್ಡ ಕೆಪಾಸಿಟರ್ ಒಣಗಿದರೆ 100 ಹರ್ಟ್ಜ್ ಸದ್ದು ಬರುತ್ತದೆ. ರಿಪೇರಿ ಮಾಡುವವರು ಬದಲಾಯಿಸಿ ಕೊಡುತ್ತಾರೆ. ನನ್ನ ಪ್ರಕಾರ ಪವರ್ ಕ್ಲೀನ್ ಮಾಡುವುದು ಅಂದರೆ ಮೊದಲು ಇದು.

ಇನ್‌ಪುಟ್ ಕಿತ್ತಾಗ ಸದ್ದು ನಿಂತರೆ ಅದು ಹೆಚ್ಚಾಗಿ ಅರ್ಥ್ ಲೂಪ್. ಡಿಶ್ ಕೇಬಲ್ಲೇ ಬಹಳ ಸಲ ಕಳ್ಳ. ಛತ್ರಿಯ ಕಂಬ ನೆಲದಲ್ಲಿ ಹೂತಿರುತ್ತದೆ, ಮನೆಯ ಅರ್ಥ್ ಇನ್ನೊಂದು ಕಡೆ, ಎರಡರ ನಡುವೆ ಹರಿಯುವ ಕರೆಂಟ್ ನಿಮ್ಮ ಆಡಿಯೋ ತಂತಿಯಲ್ಲಿ ಹಾದುಹೋಗುತ್ತದೆ. ಟಿವಿಯಿಂದ ಆಪ್ಟಿಕಲ್ ಕೇಬಲ್ (ಕರೆಂಟಿನ ಬದಲು ಬೆಳಕಿನಲ್ಲಿ ಸಿಗ್ನಲ್ ಒಯ್ಯುವುದು) ಹಾಕಿ, ಮುಗಿಯಿತು. ಸದ್ದು ನಿಲ್ಲುತ್ತದೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಒಳಗೆ ವೈರ್ ಕಿತ್ತು ಡಬ್ಬಿಗೆ ತಾಗಿದ ದಿನ ಜೀವ ಹೋಗುತ್ತದೆ.

ಡಬ್ಬಿ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದಾ? ಹಾಗಾದರೆ ಬಹುಶಃ ಮನೆಯಲ್ಲಿ ಅರ್ಥ್ ಹೆಸರಿಗಷ್ಟೇ ಇದೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಅರ್ಥ್ ಪೈಪಿನ ಕ್ಲಾಂಪ್ ಮಳೆಗೆ ತುಕ್ಕು ಹಿಡಿದಿರುತ್ತದೆ. ಕ್ಲಾಂಪ್ ಬದಲಾಯಿಸಿ, ಇದ್ದಿಲು ಉಪ್ಪು ಹೊಸದಾಗಿ ತುಂಬಿಸಿ, ಯುಗಾದಿಯಿಂದ ಮಳೆ ಹಿಡಿಯುವವರೆಗೆ ಗುಂಡಿಗೆ ನೀರು ಹಾಕುತ್ತಿರಿ. ಎಲೆಕ್ಟ್ರಿಷಿಯನ್‌ನಿಂದ ಅಳತೆಯನ್ನೂ ಮಾಡಿಸಿ. ದಿಢೀರ್ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಪೂರ್ತಿ ಕೆಲಸ ಮಾಡಬೇಕಾದರೂ ಈ ಅರ್ಥ್ ಬೇಕು. ಸಿಡಿಲು ಬಂದಾಗ ಮಾತ್ರ ಪ್ಲಗ್ ಕೀಳುವುದೇ ದಾರಿ.

ಇನ್ನೊಂದು ಕಳ್ಳ ನಮ್ಮ ಕಡೆಯವನೇ. ಕಾಡುಹಂದಿಗೆ, ಮಂಗಕ್ಕೆ ಅಂತ ಹಾಕಿದ ಸೋಲಾರ್ ಬೇಲಿ. ಅದು ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಒಂದು ಹೊಡೆತ ಬಿಡುತ್ತದೆ. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕಿಡಿ ಹಾರಿ, ಟರ್ನ್‌ಟೇಬಲ್ ಸೇರಿಸುವ ಫೋನೋ ಇನ್‌ಪುಟ್‌ನಲ್ಲಿ ಟಿಕ್, ಟಿಕ್ ಅಂತ ಬರುತ್ತಲೇ ಇರುತ್ತದೆ. ರೆಕಾರ್ಡಿಗೆ ಗೀರು ಬಿದ್ದಿದೆ ಅಂದುಕೊಳ್ಳುತ್ತೀರಿ. ಬೇಲಿಯ ಅರ್ಥ್ ರಾಡು ಮನೆಯ ಅರ್ಥಿಂಗಿನಿಂದ ಕನಿಷ್ಠ 10 ಮೀಟರ್ ದೂರ ಇರಬೇಕು. ಹುಲ್ಲು ಸವರಿಸಿ. ಇದಕ್ಕೆ ಕತ್ತಿ ಬೇಕು, ಕಂಡೀಷನರ್ ಬೇಡ.

ಮನೆಯೊಳಗಿನ ಕರೆಂಟಿನ ಕೊಳೆ ಹುಡುಕೋಕೆ ಹಳೇ ಮೀಡಿಯಂ ವೇವ್ ರೇಡಿಯೋ ಸಾಕು. ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ ಮನೆಯೆಲ್ಲ ಓಡಾಡಿ. ಫೋನ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬ್, ವೈಫೈ ಅಡಾಪ್ಟರ್, ಯಾವುದರ ಹತ್ತಿರ ಗರ್‍ರ್ ಅನ್ನುತ್ತದೋ ಅದನ್ನು ಬದಲಾಯಿಸಿ, ಇಲ್ಲವೇ ದೂರದ ಸಾಕೆಟ್ಟಿಗೆ ಹಾಕಿ.

ಕರೆಂಟ್ ಹೋದಾಗಿನ ಕಥೆ ಬೇರೆ. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಗೊರಗೊರ ಅನ್ನುತ್ತದೆ. ಸೈನ್ ವೇವ್ ಇನ್ವರ್ಟರ್ ಕೊಂಡರೆ ಸರಿಹೋಗುತ್ತದೆ. ಆದರೆ ನಂಗೆ ಇಷ್ಟವಾದ ದಾರಿ ಇನ್ನೂ ಅಗ್ಗ. 12 ವೋಲ್ಟಿನ ಬೇರೆ ಬ್ಯಾಟರಿ ಇಟ್ಟು, ಅದರಿಂದ ನೇರವಾಗಿ ಕಡಿಮೆ ಕರೆಂಟ್ ತಿನ್ನುವ ಚಿಕ್ಕ ಕ್ಲಾಸ್ ಡಿ ಆಂಪ್ಲಿಫೈಯರ್ ನಡೆಸಿ. 4 ಓಮ್ ಸ್ಪೀಕರಿಗೆ ಚಾನಲ್‌ಗೆ ಸುಮಾರು 15 ವಾಟ್ ಸಿಗುತ್ತದೆ, ಒಂದು ಕೋಣೆಗೆ ಧಾರಾಳ. ಅದಕ್ಕಿಂತ ಶುದ್ಧ ಪವರ್ ಸಪ್ಲೈ ಮನೆಯಲ್ಲಿ ಇನ್ನೊಂದಿಲ್ಲ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್‌ವರೆಗೆ ಏರುತ್ತದೆ, ಆಂಪ್ಲಿಫೈಯರ್ ಅದನ್ನು ತಾಳುತ್ತದಾ ಅಂತ ನೋಡಿಕೊಳ್ಳಿ. ಕೇಳುವ ಹೊತ್ತಿಗೆ ಚಾರ್ಜರ್ ಬಂದ್ ಇರಲಿ. ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು, ಇಲ್ಲದಿದ್ದರೆ ಶಾರ್ಟ್ ಆದಾಗ ತಂತಿ ಕೆಂಪಗೆ ಕಾದು ಹಲಗೆಗೇ ಬೆಂಕಿ ಹತ್ತಬಹುದು.

ಇಷ್ಟೆಲ್ಲ ಮಾಡಿದರೂ ತಾಳಮದ್ದಳೆಯ ಹಳೇ ಕ್ಯಾಸೆಟ್ಟಿನ ಸುಯ್ ಹೋಗುವುದಿಲ್ಲ. ಅದು ಟೇಪಿನೊಳಗೇ ಇರುವ ಸದ್ದು. ಡೆಕ್ಕಿನ ಹೆಡ್ಡಿಗೆ ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿ, ಮಾತು ಒಂಚೂರು ತಿಳಿಯಾಗುತ್ತದೆ.