ಮಂಡ್ಯದಿಂದ ಹಿಮಕ್ಕೆ: ಕ್ಯಾಂಪರ್ ವ್ಯಾನ್, ಸ್ಕೀ ಮತ್ತು ಕಾಯುವ ಕೆಲಸ

[ದೃಶ್ಯ: ಮಂಡ್ಯದ ಹೊರವಲಯದ ಬಾಡಿ ಬಿಲ್ಡಿಂಗ್ ಶೆಡ್. ಹಿಂದಿನ ಸೀಟುಗಳನ್ನೆಲ್ಲ ಕಿತ್ತಿರುವ ಡೀಸೆಲ್ ವ್ಯಾನ್. ಮುಂದೆ ಸ್ಟೂಲ್ ಮೇಲೆ ಎರಡು ಗಾಜಿನ ಬಾಟಲಿ.]

ನಮಸ್ಕಾರ. ಈ ಎರಡು ಬಾಟಲಿಯಲ್ಲೂ ಇರುವುದು ಒಂದೇ ಡೀಸೆಲ್. ಈ ವ್ಯಾನಿನ ಟ್ಯಾಂಕಿನಿಂದಲೇ ತೆಗೆದದ್ದು. ಒಂದನ್ನು ರಾತ್ರಿಯೆಲ್ಲ ಹೊರಗೆ ಇಟ್ಟಿದ್ದೆವು. ಇನ್ನೊಂದು ಶೆಡ್ಡಿನ ಹಳೇ ಫ್ರಿಜ್ಜಿನ ಫ್ರೀಜರ್‌ನಲ್ಲಿತ್ತು. ಮನೆಯ ಫ್ರಿಜ್ಜಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ವಾಸನೆ ಹೋಗಲ್ಲ.

[ಕ್ಲೋಸ್ ಅಪ್: ಎರಡೂ ಬಾಟಲಿಯನ್ನು ಓರೆ ಮಾಡುವುದು.]

ಹೊರಗಿದ್ದದ್ದು ತಿಳಿಯಾಗಿದೆ, ಓರೆ ಮಾಡಿದ ತಕ್ಷಣ ಹರಿಯುತ್ತದೆ. ಫ್ರೀಜರ್‌ನದ್ದು ಬೆಳ್ಳಗೆ ಮಂದವಾಗಿದೆ. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ. ಚಳಿಗೆ ಅದು ಹರಳುಗಟ್ಟಿ ಫ್ಯುಯೆಲ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಂಜಿನ್‌ಗೆ ಏನೂ ಆಗಿಲ್ಲ, ಬ್ಯಾಟರಿ ಚೆನ್ನಾಗಿದೆ, ಗಾಡಿ ಮಾತ್ರ ಸ್ಟಾರ್ಟ್ ಆಗಲ್ಲ. ನಮ್ಮ ದೇಶದ ಮಾನದಂಡದಲ್ಲಿ ಫಿಲ್ಟರ್ ಕಟ್ಟುವ ಈ ತಾಪಮಾನಕ್ಕೆ ಮಿತಿ ಇದೆ. ಬೇಸಿಗೆ ಡೀಸೆಲ್‌ಗೆ 18 ಡಿಗ್ರಿ, ಚಳಿಗಾಲದ ಡೀಸೆಲ್‌ಗೆ 6 ಡಿಗ್ರಿ. ಮಂಡ್ಯದಲ್ಲಿ ಮಂಕಿ ಕ್ಯಾಪ್ ಹಾಕುವ ಚಳಿಗೆ ಇದು ಲೆಕ್ಕಕ್ಕೇ ಬರಲ್ಲ. ಆದರೆ ಈ ವ್ಯಾನ್ ಹೊರಟಿರುವುದು ಕಾಶ್ಮೀರದ ಗುಲ್ಮಾರ್ಗ್ ಕಡೆಗೆ, ಜನವರಿಯಲ್ಲಿ. ಅಲ್ಲಿ ರಾತ್ರಿ ಮೈನಸ್ ಹತ್ತು ಮಾಮೂಲಿ.

ಕ್ಯಾಂಪರ್‌ನಲ್ಲಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಇಂಥ ವ್ಯಾನಿನಲ್ಲಿ ಹೋಗಿ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಮಾಡಬಹುದು. ಆದರೆ ಕ್ಯಾಂಪರ್ ಯಾಕೆ ಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಹಿಮದ ತುದಿಯವರೆಗೆ ಓಡಿಸಿಕೊಂಡು ಹೋಗುವುದಕ್ಕಲ್ಲ ಅದು. ಹಿಮದ ಹತ್ತಿರ ಕೂತು ಕಾಯುವುದಕ್ಕೆ.

[ಶೀರ್ಷಿಕೆ ಪಟ್ಟಿ: ಬ್ಯಾಕ್‌ಕಂಟ್ರಿ ಅಂದರೆ ಏನು?]

ಸಾಮಾನ್ಯ ಸ್ಕೀ ರೆಸಾರ್ಟ್‌ನಲ್ಲಿ ಮೇಲೆ ಹೋಗಲು ಲಿಫ್ಟ್ ಇರುತ್ತದೆ. ಇಳಿಯುವ ದಾರಿಯನ್ನು ಯಂತ್ರದಿಂದ ಸಮ ಮಾಡಿರುತ್ತಾರೆ. ಬಿದ್ದರೆ ಎತ್ತಲು ಗಸ್ತು ತಂಡ ಇರುತ್ತದೆ. ಬ್ಯಾಕ್‌ಕಂಟ್ರಿಯಲ್ಲಿ ಈ ಮೂರೂ ಇಲ್ಲ. ನಾವೇ ಹತ್ತಬೇಕು, ಇಳಿಜಾರನ್ನು ನಾವೇ ಆರಿಸಬೇಕು, ಏನಾದರೂ ಆದರೆ ಜೊತೆಯಲ್ಲಿ ಬಂದವರೇ ಗತಿ.

[ಕ್ಲೋಸ್ ಅಪ್: ಸ್ಕೀಯ ಅಡಿಭಾಗಕ್ಕೆ ಅಂಟಿಸಿದ ಉದ್ದನೆ ಪಟ್ಟಿ. ಕೈ ಮುಂದಕ್ಕೂ ಹಿಂದಕ್ಕೂ ಸವರುತ್ತದೆ.]

ಈ ಪಟ್ಟಿಗೆ ಸ್ಕಿನ್ ಅನ್ನುತ್ತಾರೆ. ನೈಲಾನ್ ಅಥವಾ ಮೊಹೇರ್ ಉಣ್ಣೆಯದ್ದು. ಮುಂದಿನಿಂದ ಹಿಂದಕ್ಕೆ ಸವರಿದರೆ ನುಣ್ಣಗಿದೆ. ಉಲ್ಟಾ ಸವರಿದರೆ ಎಳೆಗಳು ಎದ್ದು ಬೆರಳಿಗೆ ತಡೆಯುತ್ತವೆ. ಅದಕ್ಕೇ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ ಹಿಮ್ಮಡಿ ಬಿಡಿಸಿಕೊಂಡು ಹೆಜ್ಜೆ ಹಾಕುತ್ತಾ ಹತ್ತುವುದು. ಮೇಲೆ ಹೋದ ಮೇಲೆ ಪಟ್ಟಿ ಕಿತ್ತು, ಮಡಚಿ ಜಾಕೆಟ್ ಒಳಗೆ ಇಟ್ಟುಕೊಂಡು, ಹಿಮ್ಮಡಿ ಲಾಕ್ ಮಾಡಿ ಇಳಿಯುವುದು. ಜಾಕೆಟ್ ಒಳಗೇ ಯಾಕೆ? ಚಳಿಗೆ ಗೋಂದು ಅಂಟಲ್ಲ. ಎರಡನೇ ಸಲ ಹತ್ತುವಾಗ ಬೇಕಲ್ವಾ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಕೀಯಿಂಗೇ ಬಾರದವರು ನೇರವಾಗಿ ಇದಕ್ಕೆ ಹೋಗಬೇಡಿ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲೂ ಪರ್ವತಾರೋಹಣ ಸಂಸ್ಥೆ ಸ್ಕೀಯಿಂಗ್ ಕಲಿಸುತ್ತದೆ. ಮೊದಲ ಚಳಿಗಾಲ ಅಲ್ಲಿ ಕೋರ್ಸ್ ಮಾಡಿ. ಕ್ಯಾಂಪರ್, ಬ್ಯಾಕ್‌ಕಂಟ್ರಿ ಎಲ್ಲ ಆಮೇಲೆ.

[ಶೀರ್ಷಿಕೆ ಪಟ್ಟಿ: ವ್ಯಾನಿನ ಒಳಗೆ]

[ದೃಶ್ಯ: ಮೇಸ್ತ್ರಿ ಪ್ಲೈವುಡ್ ಹಿಡಿದು ನಿಂತಿದ್ದಾರೆ.]

ಮೇಸ್ತ್ರಿ: ಸಾರ್, ಥರ್ಮಾಕೋಲ್ ಇಟ್ಟು ಮೇಲೆ ಪ್ಲೈವುಡ್ ಹೊಡೆದುಬಿಡಲಾ?

ನಾನು: ಬೇಡಣ್ಣ. ತಗಡಿಗೂ ಥರ್ಮಾಕೋಲ್‌ಗೂ ಮಧ್ಯೆ ಗಾಳಿ ಉಳಿಯುತ್ತೆ. ರಾತ್ರಿ ಉಸಿರಿನ ಹಬೆ ಅಲ್ಲಿ ಹೋಗಿ ನೀರಾಗುತ್ತೆ. ತಗಡಿಗೇ ಅಂಟುವ ರಬ್ಬರ್ ಫೋಮ್ ಹಾಕೋಣ.

ಮೇಸ್ತ್ರಿ: ಇಲ್ಲಿ ಎಲ್ಲರೂ ಎಸಿ ಕೂರಿಸಿ ಅಂತ ಬರ್ತಾರೆ. ನೀವೊಬ್ಬರು ಹೀಟರ್ ಅಂತೀರಿ!

ಹೌದು, ಹೀಟರ್ ಬೇಕೇ ಬೇಕು. ಆದರೆ ಯಾವ ಹೀಟರ್ ಅನ್ನುವುದು ಪ್ರಾಣದ ಪ್ರಶ್ನೆ. ಕೆಂಡದ ಒಲೆ, ಗ್ಯಾಸ್ ಸ್ಟೌ ಹಚ್ಚಿಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಎಚ್ಚರವೂ ಆಗಲ್ಲ. ನಿಂತ ಗಾಡಿಗೆಂದೇ ಇರುವ ಪಾರ್ಕಿಂಗ್ ಹೀಟರ್ ಬೇರೆ ಥರ. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನೂ ಹೊರಗೇ ಬಿಡುತ್ತದೆ. ಒಳಗೆ ಬರುವುದು ಬಿಸಿಗಾಳಿ ಮಾತ್ರ. ಆದರೂ ಒಂದು ಮೊನಾಕ್ಸೈಡ್ ಅಲಾರಂ ಹಾಕಿಸಿ. ರಾತ್ರಿ ಹಿಮ ಬಿದ್ದರೆ ಹೊಗೆ ಕೊಳವೆಯ ಬಾಯಿ ಮುಚ್ಚಿಹೋಗಬಹುದು, ಬಿಡಿಸುತ್ತಿರಬೇಕು.

ಗ್ಯಾಸ್ ವಿಷಯ. ನಮ್ಮ ಅಡುಗೆ ಸಿಲಿಂಡರ್‌ನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್ ಮಿಶ್ರಣ. ಬ್ಯುಟೇನ್ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲೇ ಅನಿಲವಾಗುವುದನ್ನು ನಿಲ್ಲಿಸುತ್ತದೆ. ಸಿಲಿಂಡರ್ ಅಲ್ಲಾಡಿಸಿದರೆ ತುಂಬಿದೆ, ಸ್ಟೌ ಮಾತ್ರ ಮಿಣುಕು ಮಿಣುಕು. ಇನ್ನೊಂದು, 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೊರಟರೆ ಗ್ಯಾಸ್ ಖಾಲಿಯಾಗುತ್ತದೆ, ಬೇಳೆ ಹಾಗೇ ಇರುತ್ತದೆ. ಕುಕ್ಕರ್ ಮರೆಯಬೇಡಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ರೇಡಿಯೇಟರ್‌ಗೆ ನಲ್ಲಿ ನೀರು ಹಾಕುವ ಅಭ್ಯಾಸ ಇದ್ದರೆ ಪೂರ್ತಿ ತೆಗೆಸಿ ಕೂಲಂಟ್ ಹಾಕಿಸಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹಾಳಾಗುತ್ತದೆ. ಅದಕ್ಕೆ ಹಾಸಿಗೆಯ ಕೆಳಗೇ ಜಾಗ ಮಾಡಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬೆಳಿಗ್ಗೆ ಹಿಡಿದುಕೊಂಡಿರಬಹುದು. ಗೇರ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಟ್ಟೆ ಕೊಡಿ. ಕೆಎ 11 ಆಗಲಿ, ಕೆಎ 09 ಆಗಲಿ, ಸೀಟು ಕಿತ್ತು ಮನೆ ಮಾಡುವ ಮೊದಲು ಆರ್‌ಟಿಒ ಅನುಮತಿ ತಗೊಂಡು ಆರ್‌ಸಿಯಲ್ಲಿ ಬರೆಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನೇ ಹೇಳುತ್ತದೆ.

[ಶೀರ್ಷಿಕೆ ಪಟ್ಟಿ: ದಾರಿ]

ದಾರಿ ಸುಲಭ, ಉದ್ದ ಮಾತ್ರ ಜಾಸ್ತಿ. ಮೈಸೂರು–ಬೆಂಗಳೂರು ಹೈವೇಯಲ್ಲಿ ಮಂಡ್ಯ, ಮದ್ದೂರು ದಾಟಿ ಬೆಂಗಳೂರು. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಶ್ರೀನಗರದವರೆಗೆ ಅದೇ ರಸ್ತೆ. ಹೈದರಾಬಾದ್, ನಾಗ್ಪುರ, ಝಾನ್ಸಿ, ದೆಹಲಿ, ಜಲಂಧರ್, ಜಮ್ಮು. ಮೈಸೂರಿನಿಂದ ಒಟ್ಟು 3,100 ಕಿಲೋಮೀಟರ್ ಆಸುಪಾಸು. ಹಗಲು ಮಾತ್ರ ಓಡಿಸಿದರೆ ಒಂದು ವಾರ ಇಟ್ಟುಕೊಳ್ಳಿ. ಹರಿಯಾಣ, ಪಂಜಾಬ್‌ನಲ್ಲಿ ಜನವರಿ ಬೆಳಿಗ್ಗೆ ದಟ್ಟ ಮಂಜು. ಹತ್ತು ಗಂಟೆಯವರೆಗೆ ಸುಮ್ನೆ ಟೀ ಕುಡಿಯುತ್ತಾ ಕೂತಿರುವುದೇ ಬುದ್ಧಿವಂತಿಕೆ.

ಜಮ್ಮು ದಾಟಿದ ಮೇಲೆ 9 ಕಿಲೋಮೀಟರ್‌ಗೂ ಉದ್ದದ ಚೆನಾನಿ–ನಾಶ್ರಿ ಸುರಂಗ, ಆಮೇಲೆ ಬನಿಹಾಲ್–ಕಾಜಿಗುಂಡ್ ಸುರಂಗ. ಇವೆರಡರ ನಡುವಿನ ರಾಂಬನ್ ಭಾಗದಲ್ಲಿ ಮಳೆ, ಹಿಮ ಬಂದರೆ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ಹೊಸದೇನಲ್ಲ. ನಮ್ಮ ಕಡೆಯ ಡೀಸೆಲ್ ಅಷ್ಟರೊಳಗೆ ಖಾಲಿಯಾಗುವ ಹಾಗೆ ನೋಡಿಕೊಂಡು, ಅಲ್ಲಿನ ಪಂಪ್‌ನಲ್ಲಿ ಚಳಿಗಾಲದ ಡೀಸೆಲ್ ಇದೆಯಾ ಅಂತ ವಿಚಾರಿಸಿ ತುಂಬಿಸಿ. ಮೈನಸ್ 33 ಡಿಗ್ರಿಯಲ್ಲೂ ಗಟ್ಟಿಯಾಗದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗಾಗಿಯೇ ತಂದಿತು.

ಕೊನೆಯದಾಗಿ ಬೆಟ್ಟದ ಬುಡದ ಊರು ಟಂಗ್‌ಮರ್ಗ್. ಅಲ್ಲಿಂದ ಗುಲ್ಮಾರ್ಗ್‌ಗೆ 13 ಕಿಲೋಮೀಟರ್ ಏರು. ಹಿಮ ಬಿದ್ದ ದಿನ ಚಕ್ರಕ್ಕೆ ಚೈನ್ ಇಲ್ಲದ, ಫೋರ್ ಬೈ ಫೋರ್ ಅಲ್ಲದ ಗಾಡಿಯನ್ನು ಮೇಲೆ ಬಿಡಲ್ಲ. ನನ್ನ ಅಭಿಪ್ರಾಯ ಕೇಳಿದರೆ ಚೈನ್ ಇದ್ದರೂ ಈ ಗಾತ್ರದ ವ್ಯಾನ್ ಮೇಲೆ ಬೇಡ. ಕೆಳಗೇ ನಿಲ್ಲಿಸಿ, ದಿನಾ ಸ್ಥಳೀಯರ ಗಾಡಿಯಲ್ಲಿ ಹೋಗಿ ಬನ್ನಿ.

[ಶೀರ್ಷಿಕೆ ಪಟ್ಟಿ: ಹಿಮಕುಸಿತ]

ಈಗ ಕಾಯುವ ವಿಷಯಕ್ಕೆ ಬರೋಣ.

[ದೃಶ್ಯ: ತಟ್ಟೆಯಲ್ಲಿ ಚಿರೋಟಿ. ಪಕ್ಕದಿಂದ ಪದರಗಳು ಕಾಣುತ್ತವೆ.]

ಇಳಿಜಾರಿನ ಮೇಲಿನ ಹಿಮ ಒಂದೇ ಮುದ್ದೆ ಅಲ್ಲ. ಈ ಚಿರೋಟಿಯ ಹಾಗೆ ಪದರ ಪದರ. ಒಂದೊಂದು ಸಲ ಬಿದ್ದ ಹಿಮ ಒಂದೊಂದು ಪದರ. ನಡುವೆ ಎಲ್ಲೋ ಒಂದು ಪದರ ಸಕ್ಕರೆಯಂತೆ ಉದುರುದುರಾಗಿ ಉಳಿದಿರುತ್ತದೆ. ಅದರ ಮೇಲೆ ಹೊಸ ಹಿಮ, ಗಾಳಿ ತಂದು ಸುರಿದ ಹಿಮ ಗಟ್ಟಿ ಹಾಸಾಗಿ ಕೂರುತ್ತದೆ. ಸ್ಕೀ ಮಾಡುವವರ ಭಾರ ಬಿದ್ದಾಗ ಕೆಳಗಿನ ಪದರ ಕುಸಿದು, ಮೇಲಿನ ಹಾಸು ಇಡಿಯಾಗಿ ಜಾರುತ್ತದೆ. ಹೆಚ್ಚಿನ ಅಪಘಾತಗಳಲ್ಲಿ ಆ ಕುಸಿತ ಶುರು ಮಾಡಿದವರು ಅದರಲ್ಲಿ ಸಿಕ್ಕವರೇ, ಇಲ್ಲ ಅವರ ಜೊತೆಯವರು. 30ರಿಂದ 45 ಡಿಗ್ರಿ ಇಳಿಜಾರು ಎಲ್ಲಕ್ಕಿಂತ ಅಪಾಯ. ಸ್ಕೀಯಿಂಗ್‌ಗೆ ಮಜಾ ಇರುವುದೂ ಅಲ್ಲೇ, ಅದೇ ತೊಂದರೆ.

ಗುಲ್ಮಾರ್ಗ್‌ನ ಕೇಬಲ್ ಕಾರ್, ಅಂದರೆ ಗೊಂಡೋಲದ ಎರಡನೇ ಹಂತ 3,900 ಮೀಟರ್ ದಾಟಿ ಅಫರ್ವತ್ ಬೆಟ್ಟದ ಹೆಗಲಿಗೆ ಬಿಡುತ್ತದೆ. ಗೊಂಡೋಲದ ಕೆಳಗಿನ ಭಾಗವನ್ನು ಗಸ್ತು ತಂಡ ನೋಡಿಕೊಳ್ಳುತ್ತದೆ. ಅದರ ಗಡಿ ದಾಟಿದರೆ ಪೂರ್ತಿ ಬ್ಯಾಕ್‌ಕಂಟ್ರಿ. 2023ರ ಫೆಬ್ರವರಿಯಲ್ಲಿ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಅಫರ್ವತ್‌ನಲ್ಲಿ ಹಿಮಕುಸಿತಕ್ಕೆ ಬಲಿಯಾದರು. ಮರುವರ್ಷ ಅದೇ ತಿಂಗಳು ರಷ್ಯಾದ ಒಬ್ಬರು. 2010ರಲ್ಲಿ ಗುಲ್ಮಾರ್ಗ್ ಪಕ್ಕದ ಖಿಲನ್‌ಮರ್ಗ್‌ನಲ್ಲಿ ಸತ್ತ 17 ಜನ ಸೈನಿಕರು, ಹಿಮದಲ್ಲೇ ತರಬೇತಿಯಲ್ಲಿದ್ದವರು.

ದೊಡ್ಡ ಹಿಮ ಬಿದ್ದ ಮೇಲಿನ ಮೊದಲ ಒಂದೆರಡು ದಿನ ಅಪಾಯ ಜಾಸ್ತಿ. ಈಗ ಯೋಚಿಸಿ. ವಿಮಾನದಲ್ಲಿ ಬಂದು, ಹೋಟೆಲ್ ಬುಕ್ ಮಾಡಿ, ಭಾನುವಾರ ವಾಪಸ್ ಟಿಕೆಟ್ ಇರುವವರು ಏನು ಮಾಡುತ್ತಾರೆ? ಶುಕ್ರವಾರ ಹಿಮ ಬಿತ್ತು, ಶನಿವಾರ ಆಕಾಶ ನೀಲಿ. ಖರ್ಚು ಮಾಡಿ ಬಂದಿದ್ದೀವಿ ಅಂತ ಹತ್ತಿಬಿಡುತ್ತಾರೆ. ಕ್ಯಾಂಪರ್‌ನಲ್ಲಿ ಇರುವವರಿಗೆ ಆ ಒತ್ತಡ ಕಡಿಮೆ. ಶನಿವಾರ ಬಟ್ಟೆ ಒಣಗಿಸಿಕೊಂಡು ಇರಬಹುದು. ಹಿಮವೇ ಬೀಳದಿದ್ದರೂ ಹಾಗೇ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬರಡಾಗಿ ನಿಂತಿತ್ತು, ನೆನಪಿದೆಯಾ? ಅಲ್ಲಿ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಗಾಳಿ. ಅದು ನಮ್ಮ ರಜೆ ನೋಡಿಕೊಂಡು ಬರಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಭೂ ಮಾಹಿತಿ ವಿಭಾಗ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡಿ. ಜೊತೆಗೆ ಸ್ಥಳೀಯ ಗೈಡ್ ‘ಇವತ್ತು ಹತ್ತುವುದು ಬೇಡ’ ಅಂದರೆ ಬೇಡ.

[ದೃಶ್ಯ: ಶ್ರೀರಂಗಪಟ್ಟಣದ ಬಳಿ ಕೊಯ್ಲಾದ ಗದ್ದೆ. ನಾಲ್ಕು ಹುಲ್ಲಿನ ಬಣವೆ.]

ಪ್ರತಿಯೊಬ್ಬರ ಬಳಿ ಮೂರು ಸಾಮಾನು ಇರಲೇಬೇಕು: ಸಿಗ್ನಲ್ ಕಳಿಸುವ, ಬೇರೆಯವರ ಸಿಗ್ನಲ್ ಹುಡುಕುವ ಬೀಕನ್, ಉದ್ದ ಕೋಲಿನಂಥ ಪ್ರೋಬ್, ಸಲಿಕೆ. ಹಿಮದಡಿ ಹೂತವರನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಸಾಧ್ಯತೆ ಧಡಾರನೆ ಇಳಿಯುತ್ತದೆ. ಹುಡುಕುವುದನ್ನು ಕಲಿಯಲು ಕಾಶ್ಮೀರ ಬೇಕಿಲ್ಲ, ಹಿಮವೂ ಬೇಕಿಲ್ಲ. ಒಂದು ಬೀಕನ್ ಅನ್ನು ಯಾವುದೋ ಬಣವೆಯೊಳಗೆ ಸೇರಿಸಿಟ್ಟಿದ್ದೇವೆ. ನನ್ನ ಕೈಯಲ್ಲಿರುವುದು ಹುಡುಕುವ ಮೋಡ್‌ನಲ್ಲಿದೆ. ಪರದೆಯಲ್ಲಿ ಬಾಣ, ಕೆಳಗೆ ದೂರ ತೋರಿಸುವ ಒಂದು ಸಂಖ್ಯೆ. 32... 24... ಬಾಣ ಎಡಕ್ಕೆ ತಿರುಗಿತು... 11. ಈಗ ನಿಧಾನ. ಬೀಕನ್ ನೆಲದ ಹತ್ತಿರ ಹಿಡಿಯಬೇಕು. ಮೊಬೈಲ್ ಅರ್ಧ ಮೀಟರ್ ದೂರ ಇರಬೇಕು, ಇಲ್ಲದಿದ್ದರೆ ಸಿಗ್ನಲ್ ಕೆಡುತ್ತದೆ. 2.1... 0.8... 1.3. ಏರಿತು ಅಂದರೆ ದಾಟಿದೆ, ಹಿಂದಕ್ಕೆ ಬನ್ನಿ. ಅತಿ ಕಡಿಮೆ ಬಂದ ಜಾಗದಿಂದ ಸುತ್ತು ಸುತ್ತಾಗಿ ಪ್ರೋಬ್ ಚುಚ್ಚುತ್ತಾ ಹೋಗುವುದು. ತಗುಲಿದರೆ ಅದನ್ನು ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅಗೆಯುವುದು. ಕಣ್ಣು ಮುಚ್ಚಿದರೂ ಕೈ ಮಾಡಬೇಕು, ಅಷ್ಟು ಸಲ ಮಾಡಿ.

ಕಾಲಿನ ತಯಾರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇದ್ದೇ ಇದೆ. ಹತ್ತುವುದು ಉಸಿರಿಗೆ. ಇಳಿಯುವುದು ತೊಡೆಗೆ, ಸ್ಕೀಯಿಂಗ್‌ನಲ್ಲಿ ಮೊದಲು ಸೋಲುವುದು ತೊಡೆಯೇ. ಅದಕ್ಕೆ ಇಳಿಯುವಾಗ ಬಸ್ ಹತ್ತಬೇಡಿ.

[ಶೀರ್ಷಿಕೆ ಪಟ್ಟಿ: ಯಾವಾಗ ಹೊರಡಬೇಕು?]

ಕಾಶ್ಮೀರದಲ್ಲಿ ಚಿಲ್ಲೈ ಕಲಾನ್ ಅಂತ 40 ದಿನಗಳ ಕಡು ಚಳಿ ಇದೆ. ಡಿಸೆಂಬರ್ 21ಕ್ಕೆ ಶುರು, ಜನವರಿ ಕೊನೆಗೆ ಮುಗಿಯುತ್ತದೆ. ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿ ಹೊರಟರೆ ಅದರ ಬಾಲ ಹಿಡಿಯಬಹುದು, ಫೆಬ್ರವರಿ ಪೂರ್ತಿ ಕೈಯಲ್ಲಿರುತ್ತದೆ. ಮನೆಯವರಿಗೆ ವಾಪಸ್ ಬರುವ ತಾರೀಖು ಹೇಳಬೇಡಿ, ವಾರ ಹೇಳಿ. ಹೊರಡುವ ಮುಂಚೆ ಪೋಸ್ಟ್‌ಪೇಯ್ಡ್ ಸಿಮ್ ಮಾಡಿಸಿಕೊಳ್ಳಿ, ಬೇರೆ ರಾಜ್ಯದ ಪ್ರೀಪೇಯ್ಡ್ ಅಲ್ಲಿ ನಡೆಯಲ್ಲ. ವಿದೇಶದಿಂದ ತರಿಸಿದ ಸ್ಯಾಟಲೈಟ್ ಫೋನ್ ಇದ್ದರೆ ಮನೆಯಲ್ಲೇ ಬಿಡಿ. ಅನುಮತಿ ಇಲ್ಲದೆ ಇಟ್ಟುಕೊಂಡರೆ ನಮ್ಮ ದೇಶದಲ್ಲಿ ಕೇಸ್ ಆಗುತ್ತದೆ.