ಹಿತ್ತಿಲಿನ ಹಣ್ಣಿನ ಮರ: ಯಾವ ಗೆಲ್ಲು ಕಡಿಯಬೇಕು, ಯಾವುದನ್ನು ಉಳಿಸಬೇಕು

ನಮಸ್ಕಾರ. ಬದಿಯಡ್ಕದ ಸಮೀಪದ ಒಂದು ಮನೆಯ ಹಿತ್ತಿಲಿನಲ್ಲಿ ನಿಂತು ಮಾತನಾಡುತ್ತಿದ್ದೇನೆ. ನನ್ನ ಹಿಂದಿರುವ ಈ ಮಾವಿನ ಮರದ ತುದಿಗೆ ದೋಟಿಯೂ ಎಟುಕುವುದಿಲ್ಲ. ಹಣ್ಣಾದದ್ದರಲ್ಲಿ ಬಹುಪಾಲು ಬಾವಲಿಗೆ ಹೋದರೆ, ಉಳಿದದ್ದು ಮುರಕಲ್ಲಿನ ಅಂಗಳಕ್ಕೆ ಬಿದ್ದು ಒಡೆಯುತ್ತದೆ. ಗಿಡ ಸೊಂಟದೆತ್ತರಕ್ಕೆ ಬಂದ ವರ್ಷವೇ ಅದರ ತುದಿ ಕತ್ತರಿಸಿ, ಬೇರೆ ಬೇರೆ ದಿಕ್ಕಿಗೆ ಹೊರಡುವ ಮೂರು ನಾಲ್ಕು ಗೆಲ್ಲುಗಳನ್ನಷ್ಟೇ ಬೆಳೆಯಲು ಬಿಟ್ಟಿದ್ದರೆ ಇಂದು ನೆಲದಲ್ಲಿ ನಿಂತೇ ಕೊಯ್ಯಬಹುದಿತ್ತು.

ಕತ್ತಿ ಕೈಗೆತ್ತಿಕೊಳ್ಳುವ ಮೊದಲು, ಆ ಮರ ತನ್ನ ಯಾವ ಭಾಗದಲ್ಲಿ ಕಾಯಿ ಬಿಡುತ್ತದೆ ಎಂಬುದನ್ನು ನೋಡಿ ತಿಳಿಯಬೇಕು. ಪೇರಳೆಗೆ ಹೂ ಬರುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಅದನ್ನು ಧೈರ್ಯವಾಗಿ ಸವರಬಹುದು. ಮಾವು ಹಾಗಲ್ಲ. ಅದು ಚೆನ್ನಾಗಿ ಬಲಿತ ಚಿಗುರಿನ ತುದಿಯಲ್ಲಿ ಹೂ ಬಿಡುವುದರಿಂದ, ಅಕ್ಟೋಬರ್ ಕಳೆದ ಮೇಲೆ ಕಡಿದರೆ ಹೊಸ ಚಿಗುರು ಬಲಿಯಲು ಸಮಯ ಸಾಲದೆ ಆ ವರ್ಷದ ಫಸಲು ಕೈತಪ್ಪುತ್ತದೆ. ಕೊಯ್ಲು ಮುಗಿದ ಕೂಡಲೇ ಕಡಿಯುವುದು ಒಳ್ಳೆಯದು. ಅಷ್ಟರಲ್ಲಿ ಜಡಿಮಳೆ ಹಿಡಿದರೆ ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಡುವವರೆಗೆ ಕಾಯಿರಿ. ಹಲಸಿನಲ್ಲಂತೂ ಗುಜ್ಜೆ, ಅಂದರೆ ಎಳೆಯ ಹಲಸಿನಕಾಯಿ, ಮೂಡುವುದು ಕಾಂಡದಿಂದಲೂ ದಪ್ಪ ಗೆಲ್ಲುಗಳಿಂದಲೂ ಹೊರಡುವ ಗಿಡ್ಡ ಚಿಗುರುಗಳಲ್ಲಿ. ಮರ ಚೊಕ್ಕಟವಾಗಿ ಕಾಣಲೆಂದು ನಾನೊಮ್ಮೆ ಅವನ್ನೆಲ್ಲ ಸವರಿ ಹಾಕಿದ್ದೆ. ಮುಂದಿನ ವರ್ಷ ಕಾಂಡದಲ್ಲಿ ಒಂದು ಗುಜ್ಜೆಯೂ ಬರಲಿಲ್ಲ.

[ಹತ್ತಿರದ ದೃಶ್ಯ: ಗರಗಸ ಮತ್ತು ಗೆಲ್ಲಿನ ಬುಡ]

ದಪ್ಪ ಗೆಲ್ಲನ್ನು ಒಂದೇ ಏಟಿಗೆ ಉರುಳಿಸಬಾರದು, ಅದು ತನ್ನ ಭಾರಕ್ಕೆ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಬೀಳುತ್ತದೆ. ಬುಡದಿಂದ ಒಂದು ಗೇಣು ಆಚೆ ಮೊದಲು ಅಡಿಯಿಂದ ಸ್ವಲ್ಪ ಕೊಯ್ಯಿರಿ. ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಗೆಲ್ಲನ್ನು ಬೀಳಿಸಿರಿ. ಉಳಿದ ತುಂಡನ್ನು ಕೊನೆಗೆ ತೆಗೆಯಿರಿ. ಗೆಲ್ಲು ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಒಂದು ಬಳೆ ಕಾಣಿಸುತ್ತಿದೆಯಲ್ಲವೇ? ಗಾಯ ಮುಚ್ಚುವ ಹೊಸ ತೊಗಟೆ ಅಲ್ಲಿಂದಲೇ ಬರಬೇಕಾದುದರಿಂದ ಆ ಬಳೆಗೆ ಗರಗಸ ತಾಗಬಾರದು.

ಇನ್ನು ಗಿಡದ ಆಯ್ಕೆ. ನಮ್ಮ ಕರಾವಳಿಯ ಒಳೂರು, ಚಂದ್ರಕಾರನ್ ಮುಂತಾದ ಮಾವಿನ ತಳಿಗಳ ಒಂದೇ ಗೊರಟಿನಿಂದ ಹಲವು ಸಸಿಗಳು ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಮರದ ಗುಣವನ್ನೇ ಪಡೆದಿರುತ್ತವೆ. ಆಪೂಸ್ ಅಥವಾ ಹಲಸಿನ ವಿಷಯದಲ್ಲಿ ಬೀಜವನ್ನು ಹಾಗೆ ನಂಬಲಾಗದು. ಗಟ್ಟಿ ತೊಳೆಯ ಬಕ್ಕೆ ಹಲಸಿನ ಬೀಜ ಬಿತ್ತಿದರೆ ಮೆತ್ತನೆ ತೊಳೆಯ ತುಳುವವೂ ಹುಟ್ಟಬಹುದು. ಬೀಜದಿಂದ ಎದ್ದ ರಂಬುಟಾನ್ ಗಂಡು ಮರವಾಗಿ, ವರ್ಷಗಟ್ಟಲೆ ಸಾಕಿದರೂ ಕಾಯಿಯನ್ನೇ ಕೊಡದೆ ಇರಬಹುದು. ಇವುಗಳಿಗೆ ಕಸಿ ಗಿಡವೇ ಬೇಕು. ಜಾಗ ಕಡಿಮೆಯಿರುವವರು ಹಲಸಿನ ಆಸೆ ಬಿಟ್ಟು ಪೇರಳೆ, ಚಿಕ್ಕು, ಲಿಂಬೆ ನೆಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ನೆಟ್ಟ ಮೇಲೆ ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರಲಿ. ಗಂಟಿನ ಕೆಳಗಿನಿಂದ ಚಿಗುರು ಬಂದರೆ ಅದು ಕಾಡುಬೇರಿನದು, ಅಂದರೆ ಕಸಿ ಕಟ್ಟಿಸಿಕೊಂಡ ಕೆಳಗಿನ ಗಿಡದ್ದು. ಎಳೆಯದಿರುವಾಗಲೇ ಕೈಯಿಂದ ಚಿವುಟಿ ತೆಗೆಯಬೇಕು, ಇಲ್ಲವಾದರೆ ಅದೇ ಮರವಾಗಿ ಬೆಳೆದು ಕಸಿ ಸಾಯುತ್ತದೆ.

ಕಡಿದ ಗಾಯಕ್ಕೆ ಹಚ್ಚುವ ಮದ್ದು ಅಡಿಕೆ ತೋಟವಿರುವ ಮನೆಯವರಿಗೆ ಹೊಸದಲ್ಲ. 100 ಗ್ರಾಂ ಮೈಲುತುತ್ತು ಮತ್ತು 100 ಗ್ರಾಂ ಸುಣ್ಣವನ್ನು ಅರ್ಧರ್ಧ ಲೀಟರ್ ನೀರಿನಲ್ಲಿ, ಪ್ಲಾಸ್ಟಿಕ್ ಬಕೆಟುಗಳಲ್ಲಿ ಬೇರೆ ಬೇರೆಯಾಗಿ ಕಲಸಿ, ಬಳಿಕ ಒಟ್ಟುಗೂಡಿಸಿದರೆ ಬೋರ್ಡೋ ಪೇಸ್ಟ್ ಸಿದ್ಧವಾಗುತ್ತದೆ. ಅದನ್ನು ಕಲಸಿದ ದಿನವೇ, ಗಾಯದ ಮೇಲೆ ನೀರಿನ ಪಸೆ ಇಲ್ಲದಿರುವಾಗ ಬ್ರಶ್ಶಿನಿಂದ ಬಳಿಯಿರಿ.