ಪ್ಲಾಟ್‌ಫಾರ್ಮ್ ಬಾಗಿಲ್ಲ ಅಂದವನಿಗಿಂತ ಪಿಸಿಎಂ ಹುಡುಗರ ಮೇಲೆ ನನಗೆ ಸಿಟ್ಟು

ನಮಸ್ಕಾರ್ರಿ ಎಲ್ಲರಿಗೂ. ಇವತ್ತು ಧಾರವಾಡದ ಧೂಳಿನ ಬಗ್ಗೆ ಮಾತಾಡಬೇಕಿತ್ತು. ಧೂಳು ಎಲ್ಲಿಗೂ ಹೋಗಲ್ಲ, ಮುಂದಿನ ವಾರ ನೋಡೋಣ.

ಹೋದ ವಿಡಿಯೋ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಿದ್ದಾನೆ: "ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್. ಜಗತ್ತಿನಲ್ಲೇ ಉದ್ದ. ಈ ತುದಿಯಲ್ಲಿ ನಿಂತು ಆ ತುದಿ ನೋಡಿದೆ, ಎಲ್ಲೂ ಬಾಗಿಲ್ಲ. ಭೂಮಿ ಚಪ್ಪಟೆ."

ನನಗೆ ಅವನ ಮೇಲೆ ಸಿಟ್ಟಿಲ್ಲ. ಅವನು ಹೋಗಿ ನೋಡಿಯಾದರೂ ಬಂದ. ಸಿಟ್ಟು ಬಂದಿದ್ದು ಅವನಿಗೆ ಉತ್ತರ ಕೊಟ್ಟವರ ಮೇಲೆ. ಎಲ್ಲರೂ ಬಿಎಸ್ಸಿ, ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್). ಒಬ್ಬ "ನಾಸಾ ಫೋಟೋ ನೋಡಲೇ" ಅಂತಾನೆ. ಇನ್ನೊಬ್ಬ "ಪಿಯುಸಿ ಫಿಸಿಕ್ಸ್‌ನಲ್ಲಿ ನನಗೆ 95, ನಿನಗೆಷ್ಟು?" ಅಂತಾನೆ. ಉಳಿದವರು ಅವನ ಅಪ್ಪ ಅಜ್ಜನವರೆಗೂ ಹೋಗಿದ್ದಾರೆ. ಲೆಕ್ಕ ಬಿಡಿಸಿದವನು ಒಬ್ಬನೂ ಇಲ್ಲ!

ಲೆಕ್ಕ ಎಷ್ಟು ಸಣ್ಣದು ನೋಡಿ. ಇಷ್ಟು ದೂರದಲ್ಲಿ ಭೂಮಿ ಎಷ್ಟು ಬಾಗಿ ಇಳಿಯುತ್ತದೆ ಅಂತ ತಿಳಿಯೋಕೆ ದೂರದ ವರ್ಗವನ್ನು ಭೂಮಿಯ ವ್ಯಾಸದಿಂದ ಭಾಗಿಸಬೇಕು. 1507ರ ವರ್ಗ ಸುಮಾರು 22 ಲಕ್ಷ 71 ಸಾವಿರ. ವ್ಯಾಸ ಮೀಟರ್ ಲೆಕ್ಕದಲ್ಲಿ ಸುಮಾರು 1 ಕೋಟಿ 27 ಲಕ್ಷ 42 ಸಾವಿರ. ಬಂದಿದ್ದು 0.178. ಅಂದರೆ 18 ಸೆಂಟಿಮೀಟರ್. ಒಂದು ಗೇಣೂ ಇಲ್ಲ. ಈ ತುದಿಯಲ್ಲಿ ಮಟ್ಟಸವಾಗಿ ಒಂದು ನೇರ ಗೆರೆ ಎಳೆದರೆ, ಆ ತುದಿಗೆ ಹೋಗುವಷ್ಟರಲ್ಲಿ ಭೂಮಿ ಅದರ ಕೆಳಗೆ ಒಂದು ಗೇಣು ಕೂಡ ಇಳಿದಿರಲ್ಲ. ಒಂದೂವರೆ ಕಿಲೋಮೀಟರಿನಲ್ಲಿ ಅದು ಬರಿಗಣ್ಣಿಗೆ ಕಾಣುತ್ತಾ? ಬಾಗಿಲ್ಲ ಅಂತ ಕಂಡಿದ್ದೇ ಸರಿ. ದುಂಡಗಿನ ಭೂಮಿ ಅಷ್ಟು ದೊಡ್ಡದಿದ್ದರೆ ಹಾಗೇ ಕಾಣಬೇಕು.

ಇದನ್ನು ಧಾರವಾಡದ ಸಪ್ತಾಪುರದ ಚಹಾ ಅಂಗಡಿಯಲ್ಲಿ ಹೇಳುತ್ತಿದ್ದೆ. ಪಕ್ಕದಲ್ಲಿ ಒಬ್ಬ ಡಿಪ್ಲೊಮಾ ಸಿವಿಲ್ ಹುಡುಗ ಮಿರ್ಚಿ ತಿನ್ನುತ್ತಾ, "0.0785 ಇಂಟು ಡಿ ಸ್ಕ್ವೇರ್ ಅಲ್ಲೇನ್ರಿ ಸರ್? ಕರ್ವೇಚರ್ ಕರೆಕ್ಷನ್. ಸರ್ವೇಯಿಂಗ್‌ನಾಗ ಬರ್ತೈತಿ" ಅಂದ. ತಲೆ ಕೂಡ ಎತ್ತಲಿಲ್ಲ. ಕರ್ವೇಚರ್ ಕರೆಕ್ಷನ್ ಅಂದರೆ ಭೂಮಿ ಬಾಗಿದ್ದಕ್ಕೆ ಸರ್ವೇ ಅಳತೆಯಲ್ಲಿ ಮಾಡುವ ತಿದ್ದುಪಡಿ, ಡಿ ಅಂದರೆ ದೂರ. ಡಿ ಕಿಲೋಮೀಟರಿನಲ್ಲಿ ಹಾಕಿ ನೋಡಿ, ಅದೇ 18 ಸೆಂಟಿಮೀಟರ್. ಅದೇ ಟೇಬಲ್ಲಿನಲ್ಲಿ ಎಂಎಸ್ಸಿಗೆ ಫಿಸಿಕ್ಸ್ ತಗೋಬೇಕಾ ಮ್ಯಾಥ್ಸ್ ತಗೋಬೇಕಾ, ರಿಯಲ್ ಅನಾಲಿಸಿಸ್ ಕಷ್ಟಾನಾ ಕ್ಲಾಸಿಕಲ್ ಮೆಕ್ಯಾನಿಕ್ಸ್ ಕಷ್ಟಾನಾ ಅಂತ ಜಗಳ ಆಡುತ್ತಿದ್ದವರು ಗಪ್‌ಚಿಪ್.

ಪಿಸಿಎಂ ಹುಡುಗರೇ, ನೀವು ಭೂಮಿ ದುಂಡಗಿದೆ ಅಂತ ತಿಳಿದುಕೊಂಡಿಲ್ಲ. ನಂಬಿದ್ದೀರಿ. ಅವನು ಚಪ್ಪಟೆ ಅಂತ ನಂಬಿದ್ದಾನೆ. ಇಬ್ಬರದೂ ಭಕ್ತಿಯೇ. ನಿಮ್ಮ ದೇವರಿಗೆ ಸಿಲೆಬಸ್ ಇದೆ, ಅಷ್ಟೇ.

ಸಿಟ್ಟಾಗಬೇಡಿ. ಕಂಬಿ ತೂಗಾಡಿಸಿ ಗುರುತ್ವದ ಬೆಲೆ ಅಳೆಯುವ ಬಾರ್ ಪೆಂಡುಲಮ್ ಪ್ರಾಕ್ಟಿಕಲ್ ನೆನಪಿದೆಯಾ? ಮೊದಲು ಕೊನೆಯಲ್ಲಿ 9.8 ಬರೆದು, ಆಮೇಲೆ ಹಿಂದಿನಿಂದ ರೀಡಿಂಗ್ ತುಂಬುತ್ತಿದ್ದಿರಲ್ಲ! ಪಕ್ಕದವನ ರೆಕಾರ್ಡ್ ಬುಕ್ ನೋಡಿ! ಅಳೆದಿದ್ದರೆ ತಾನೇ ಗೊತ್ತಾಗುವುದು?

(ಹಾಂ, ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿ. ನೋಡುವವರು ಜಾಸ್ತಿ, ಒತ್ತುವವರು ಕಡಿಮೆ. ಇದಕ್ಕೆ ಯಾವ ಫಾರ್ಮುಲಾನೂ ಇಲ್ಲ.)

ಭೂಮಿ ಯಾಕೆ ಚಪ್ಪಟೆ ಕಾಣುತ್ತದೆ ಅಂತ ಗಣಿತಜ್ಞ ಭಾಸ್ಕರಾಚಾರ್ಯರು 1150ರಲ್ಲೇ ಬರೆದಿಟ್ಟಿದ್ದಾರೆ. ವಿಜಯಪುರದವರು ನಮ್ಮವರು ಅಂತಾರೆ, ಮಹಾರಾಷ್ಟ್ರದವರು ನಮ್ಮವರು ಅಂತಾರೆ. ಆ ಜಗಳ ಇರಲಿ. ವೃತ್ತದ ಸುತ್ತಳತೆಯ ನೂರನೇ ಒಂದು ಭಾಗ ನೇರವಾಗಿಯೇ ಕಾಣುತ್ತದೆ, ಭೂಮಿ ಬಹಳ ದೊಡ್ಡದು, ಅದರ ಮೇಲಿನ ಮನುಷ್ಯ ಬಹಳ ಚಿಕ್ಕವನು, ಅದಕ್ಕೇ ಚಪ್ಪಟೆ ಅನಿಸುತ್ತದೆ ಅಂದರು. ಸುತ್ತಳತೆ 40,000 ಕಿಲೋಮೀಟರ್. ನೂರನೇ ಭಾಗ 400. ಹೆಚ್ಚೂಕಡಿಮೆ ಹುಬ್ಬಳ್ಳಿಯಿಂದ ಬೆಂಗಳೂರು! ನೀನು ಒಂದೂವರೆ ಕಿಲೋಮೀಟರ್ ಹಿಡಿದುಕೊಂಡು ಬಂದಿದ್ದೀಯಲ್ಲೋ ಮಾರಾಯ.

"ಸೂರ್ಯ ಚಿಕ್ಕದು ಸರ್, 5000 ಕಿಲೋಮೀಟರ್ ಮೇಲೆ ಸುತ್ತುತ್ತಾನೆ, ದೂರ ಹೋದಾಗ ಮುಳುಗಿದ ಹಾಗೆ ಕಾಣುತ್ತದೆ" ಅಂತ ಇನ್ನೊಬ್ಬ ಬರುತ್ತಾನೆ. ಬಾರಪ್ಪಾ. 10,000 ಕಿಲೋಮೀಟರ್ ಆಚೆ ಕಳಿಸು ಆ ಸೂರ್ಯನನ್ನ. ಎತ್ತರ 5000, ದೂರ 10,000, ಭಾಗಿಸಿದರೆ ಅರ್ಧ. ಟ್ಯಾನ್ ಇನ್ವರ್ಸ್ ಅರ್ಧ, ಅಂದರೆ ದಿಗಂತದಿಂದ ಸೂರ್ಯ ಇರುವ ಕೋನ, ಎಷ್ಟು? 26 ಡಿಗ್ರಿ ಚಿಲ್ಲರೆ. ಇನ್ನೂ ಅಷ್ಟು ಮೇಲೇ ಇರುತ್ತಾನೆ, ಮುಳುಗುವುದೇ ಇಲ್ಲ. ಗಾತ್ರವೂ ಅರ್ಧಕ್ಕಿಂತ ಕಡಿಮೆ ಆಗಬೇಕು. ಸಂಜೆ ನೃಪತುಂಗ ಬೆಟ್ಟ ಹತ್ತಿ ನೋಡು, ಕುಗ್ಗುತ್ತಾನಾ? ಪಿಯುಸಿ ಟ್ರಿಗ್ನಾಮೆಟ್ರಿ ಇದು! ಸಿಇಟಿಗೆ ಬಾಯಿಪಾಠ ಮಾಡಿದ್ದೇ ಇದನ್ನ! ಒಬ್ಬರಾದರೂ ತೆಗೆದಿರಾ?

"ಸರ್, ಮೂರ್ಖರ ಜೊತೆ ವಾದ ಮಾಡಬಾರದು" ಅಂತ ಒಬ್ಬ ಜ್ಞಾನಿ ಬರೆದಿದ್ದಾನೆ. ವಾದ ಮಾಡು ಅಂದವರು ಯಾರು? ಲೆಕ್ಕ ಬಿಡಿಸು ಅಂದೆ. "ಟೈಮ್ ಇಲ್ಲ ಸರ್" ಅಂತೆ. ಬೈಯೋಕೆ ಟೈಮ್ ಇತ್ತಲ್ಲ! "ಇದರಿಂದ ಕೆಲಸ ಸಿಗುತ್ತಾ?" ಅಂತೆ. ಬೈದರೆ ಸಿಗುತ್ತಾ? ಬಿಡಿಸು ಅಂದ್ರೆ ಬಿಡಿಸಪ್ಪಾ, ಸುಮ್ನೆ ಯಾಕೆ ತಲೆ ತಿಂತೀಯಾ.

ಆಯ್ತು, ಗಂಟಲು ಹೋಯ್ತು. ಆಗಸ್ಟ್ ಎರಡನೇ ವಾರ ಹುಬ್ಬಳ್ಳಿ-ಧಾರವಾಡದಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಮೋಡ ಬಿಟ್ಟರೆ ಲೈವ್ ಮಾಡೋಣ. ದೆಹಲಿಯಲ್ಲಿರುವ ಕನ್ನಡಿಗರು ಯಾರಾದರೂ ಅದೇ ದಿನ ಮಧ್ಯಾಹ್ನ ಅಲ್ಲೊಂದು ಕೋಲು ನಿಲ್ಲಿಸಿ ನೆರಳು ಅಳೆದು ಕಳಿಸಿ, ಅದರಿಂದ ಭೂಮಿಯ ಸುತ್ತಳತೆ ನಾವೇ ಲೆಕ್ಕ ಹಾಕೋಣ. ಪಿಸಿಎಂನವರು ಟೇಪ್ ತನ್ನಿ, ಬಾಯಿ ಮನೆಯಲ್ಲಿ ಬಿಟ್ಟು ಬನ್ನಿ. ಪ್ಲಾಟ್‌ಫಾರ್ಮ್ ಅಣ್ಣನೂ ಬರಲಿ, ಅವನ ಗಿರ್ಮಿಟ್ ನನ್ನ ಲೆಕ್ಕ. ಉಳಿದವರು ನಿಮ್ಮ ದುಡ್ಡು ನೀವೇ ಕೊಡಬೇಕು. ಬೆಲ್ ಒತ್ತಿ.